ಮೂರನೆಯ ಬಣ್ಣ ನೀಲಿ

ಆಳಂದ
14 ಜುಲೈ 2024

ಮಗಳು ಮೈತ್ರಿಗೆ ನಿನ್ನ ಅವ್ವ ಮಹಾನಂದಾಳ ಜೈಭೀಮ.

ನಾನೂ ನಮ್ಮ ಅತ್ತೆ, ನಿನ್ನ ಆಯಿಯೂ ಆರಾಮ ಇದ್ದೇವೆ. ನೀನು ಆರಾಮ ಇದ್ದೀಯೋ ಇಲ್ಲವೋ ಗೊತ್ತಿಲ್ಲ. ಹೋದ ರವಿವಾರ ಹಾಸ್ಟೆಲಿನ ಫೋನಿನಲ್ಲಿ ನಿನ್ನ ದನಿ ಕಟ್ಟಿದಂತಿತ್ತು. ನೆಗಡಿಯೋ ಅತ್ತಿದ್ದೆಯೋ ಎಂದು ಕೇಳುವಷ್ಟರಲ್ಲಿ ನಿನ್ನ ಹಿಂದೆ ನಿಂತ ಹುಡುಗಿ "ಸಾಕ ಬಿಡ ಬೇ, ನಮಗೂ ಅವ್ವ ಇದ್ದಾಳ" ಅಂದಳು, ನೀನು ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ. ನೀನೇ ಹೇಳಿದ್ದೆಯಲ್ಲ, "ಫೋನಿನಾಗ ನೀ ಒಂದ ಮಾತ ಹತ್ತ ಸಲ ಕೇಳ್ತಿ. ಬರದು ಕಳಸು. ಬರೀತಾ ಬರೀತಾ ಅರ್ಧ ಚಿಂತಿ ಕಮ್ಮಿ ಆಗ್ತದ" ಅಂತ. ಆಗುತ್ತದೋ ನೋಡೋಣ.

ಪತ್ರ ಪುಸ್ತಕದ ಮಾತಿನಲ್ಲಿ ಬರೆಯಬೇಕು ಅಂತ ಏಳನೆಯ ಇಯತ್ತೆಯಲ್ಲಿ ಕಲಿಸಿದ್ದರು. ಅಲ್ಲಿಗೆ ನನ್ನ ಶಾಲೆ ನಿಂತಿತು. ತಪ್ಪಿದ್ದರೆ ತಿದ್ದಿಕೊಂಡು ಓದು. ಗೆಳತಿಯರಿಗೆ ತೋರಿಸಬೇಡ.

ಹೊಸ ಸುದ್ದಿ ಏನೆಂದರೆ, ನಮ್ಮ ಅಂಗಡಿಯ ಒಡತಿ ಫರಹತ ಆಪಾ ನನ್ನನ್ನು ಟೀಶರ್ಟ್ ಮಡಚುವ ಕೆಲಸದಿಂದ ಎಬ್ಬಿಸಿ ಪ್ರಿಂಟ್ ಹೊಡೆಯುವ ಮೇಜಿಗೆ ಹಾಕಿದ್ದಾರೆ. ಮಡಚುವ ಜಾಗಕ್ಕೆ ಈಗ ನಿನ್ನ ಆಯಿ ಕುಳಿತಿದ್ದಾಳೆ. ಒಂದೇ ಬಣ್ಣದ ಅಕ್ಷರ ಯಾರಾದರೂ ಹೊಡೆಯುತ್ತಾರೆ. ನಾನು ಕಲಿಯುತ್ತಿರುವುದು ನಾಲ್ಕು ಬಣ್ಣದ್ದು. ಫೋಟೋ ಇದ್ದ ಹಾಗೇ ಅಂಗಿಯ ಮೇಲೆ ಬರುವಂಥದ್ದು.

ಹೇಗೆಂದರೆ, ಒಂದು ಫೋಟೋವನ್ನು ಕಂಪ್ಯೂಟರಿನಲ್ಲಿ ನಾಲ್ಕಾಗಿ ಒಡೆಯುತ್ತಾರೆ. ಹಳದಿ ಎಷ್ಟಿದೆ, ಗುಲಾಬಿ ಎಷ್ಟಿದೆ, ನೀಲಿ ಎಷ್ಟಿದೆ, ಕಪ್ಪು ಎಷ್ಟಿದೆ. ಆ ಗುಲಾಬಿಗೆ ಆಪಾ ಇಂಗ್ಲೀಷಿನಲ್ಲಿ ಏನೋ ಅನ್ನುತ್ತಾರೆ, ಆಯಿ ಮಾತ್ರ ನೋಡಿದ ಕೂಡಲೇ "ಇದು ರಾಣಿ ಕಲರ್ ಅಲ್ಲೇನ್" ಅಂದಳು, ಈಗ ಅಂಗಡಿಯಲ್ಲಿ ಎಲ್ಲರೂ ಅದನ್ನೇ ಅನ್ನುತ್ತಾರೆ. ನಾಲ್ಕಕ್ಕೂ ಸೊಲ್ಲಾಪುರದಿಂದ ಬೇರೆಬೇರೆ ಫಿಲಂ ಬರುತ್ತದೆ, ತುಂಬಾ ಸಣ್ಣ ಚುಕ್ಕಿ ಚುಕ್ಕಿ. ಜಾಳಿಗೆಯ ಫ್ರೇಮಿಗೆ ಮುಲಾಮಿನಂಥದ್ದು ಬಳಿದು ಒಣಗಿಸಿ, ಮೇಲೆ ಫಿಲಂ ಇಟ್ಟು ಬೆಳಕು ಬಿಡುತ್ತಾರೆ. ಬೆಳಕು ಬಿದ್ದಲ್ಲಿ ಅದು ಗಟ್ಟಿಯಾಗುತ್ತದೆ. ಚುಕ್ಕಿಯ ನೆರಳಿದ್ದಲ್ಲಿ ಮೆತ್ತಗೇ ಉಳಿದು, ನೀರು ಬಿಟ್ಟರೆ ತೊಳೆದು ಹೋಗುತ್ತದೆ. ಆ ತೂತಿನಿಂದ ಬಣ್ಣ ಇಳಿಯಬೇಕು. ಹೀಗೆ ನಾಲ್ಕು ಫ್ರೇಮು, ಒಂದರ ಮೇಲೊಂದು, ಕೂದಲಿನಷ್ಟೂ ಸರಿಯದ ಹಾಗೆ.

ನಾನು ಸರಿಸಿಯೇ ಸರಿಸುತ್ತೇನೆ. ಇನ್ನೊಬ್ಬರ ಅಂಗಿ ಕೆಡಿಸಿದರೆ ಏನು ಗತಿ ಅಂತ ಬಣ್ಣದ ಡಬ್ಬಿಯನ್ನೂ ತುದಿಬೆರಳಿನಲ್ಲಿ ಹಿಡಿಯುತ್ತೇನೆ. ಆಪಾ ಅಂದರು, "ಅರೇ ಮಹಾನಂದಾ, ಇದು ಬಣ್ಣ ಅದ, ಹಾವು ಅಲ್ಲ."

ರಾತ್ರಿ ಕಿಟಕಿ ಹಾಕಿಕೊಂಡು ಮಲಗು. ಪೂರ್ತಿ ಹಾಕಬೇಡ, ಗಾಳಿ ಬೇಕು.

ನಿನ್ನ ಅವ್ವ,
ಮಹಾನಂದಾ

*

ಜೇವರ್ಗಿ
30 ಜುಲೈ 2024

ಅವ್ವನಿಗೆ ಜೈಭೀಮ.

ಅವತ್ತು ನೆಗಡಿಯೇ ಆಗಿತ್ತು. ಈಗ ಇಲ್ಲ. ಕಿಟಕಿಯ ಒಂದು ಬಾಗಿಲು ಹಾಕಿದ್ದೇವೆ, ಒಂದು ತೆರೆದಿದ್ದೇವೆ. ಸಮಾಧಾನವಾಯಿತೇ?

ಪತ್ರದಲ್ಲಿ ತಪ್ಪು ಕಡಿಮೆ ಇವೆ. ತೋರಿಸಬೇಡ ಅಂದಿದ್ದಕ್ಕೆ ತೋರಿಸಲಿಲ್ಲ, ಓದಿ ಹೇಳಿದೆ. ರಾಣಿ ಕಲರ್ ಎಲ್ಲರಿಗೂ ಹಿಡಿಸಿತು. ಕಾಲೇಜಿನಲ್ಲಿ ಬಯಾಲಜಿ ಶುರುವಾಗಿದೆ. ಚಿತ್ರ ಬಿಡಿಸುವುದು ಬಹಳ. ನಾಲ್ಕು ಬಣ್ಣದಲ್ಲಿ ಮೊದಲು ಯಾವುದು ಹೊಡೆಯುತ್ತಾರೆ? ಅದನ್ನು ನೀನು ಬರೆಯಲೇ ಇಲ್ಲ.

ಆಯಿಗೆ ಮಡಚುವ ಕೆಲಸ ಕೊಟ್ಟ ಆಪಾಗೆ ನನ್ನ ಸಲಾಮು. ಅವಳು ಮಡಚುವುದಕ್ಕಿಂತ ಮಾತಾಡುವುದೇ ಹೆಚ್ಚು ಅಂತ ಅವರಿಗೆ ಇನ್ನೂ ಗೊತ್ತಾಗಿಲ್ಲವೇ?

ಮೈತ್ರಿ

*

ಆಳಂದ
25 ಆಗಸ್ಟ್ 2024

ಮಗಳು ಮೈತ್ರಿಗೆ ಜೈಭೀಮ.

ಮೊದಲು ಹಳದಿ. ಆಮೇಲೆ ರಾಣಿ. ಮೂರನೆಯದು ನೀಲಿ. ಕಡೆಗೆ ಕಪ್ಪು. ತಿಳಿಯಾದದ್ದು ಮುಂದೆ, ಗಾಢವಾದದ್ದು ಹಿಂದೆ.

ಕಲಿಯುವವರಿಗೆಂದು ಆಪಾ ಒಂದು ಗಿಳಿಯ ಚಿತ್ರ ಇಟ್ಟಿದ್ದಾರೆ. ಪೇರಲ ಹಣ್ಣಿನ ಮೇಲೆ ಕುಳಿತ ಗಿಳಿ. ಹಳದಿಯ ಮೇಲೆ ನೀಲಿ ಬಿದ್ದರೆ ತಾನೇ ಹಸಿರಾಗುತ್ತದೆ. ಮೊದಲ ಸಲ ಆದಾಗ ನಾನು ಹಿಂದೆ ತಿರುಗಿ ನೋಡಿದೆ, ಯಾರಾದರೂ ಹಸಿರು ಹಾಕಿದರೇನೋ ಅಂತ. ಆದರೆ ನನ್ನ ಗಿಳಿಗೆ ಎರಡು ಚುಂಚ ಬಂದವು. ಅಂಗಿ ಮೇಜಿನ ಮೇಲೆ ಸರಿದಿತ್ತು. ಮತ್ತೊಂದಕ್ಕೆ ಮೈಯೆಲ್ಲ ಲುಂಗಿಯ ಚೌಕಳಿಯಂಥ ಗೆರೆ ಬಂತು. ಚುಕ್ಕಿಗಳ ಸಾಲು ಪ್ರತಿ ಫ್ರೇಮಿನಲ್ಲೂ ಬೇರೆ ಓರೆಯಲ್ಲಿ ಇರಬೇಕಂತೆ. ಒಂದರ ಮೇಲೊಂದು ನೆಟ್ಟಗೆ ಕುಳಿತರೆ ಜಗಳಾಡುತ್ತವಂತೆ. "ಅತ್ತಿ ಸೊಸಿ ಇದ್ದಾಂಗ ತಿಳಿ" ಅಂದರು ಆಪಾ. ಮಡಚುತ್ತ ಕುಳಿತ ಆಯಿ ಕೇಳಿಸಿಕೊಂಡಳು. "ನಾ ಓರೇನೇ ಇದ್ದೇನಿ, ಅಕಿನೇ ನೆಟ್ಟಗ ಬಂದು ಹಾಯ್ತಾಳ" ಅಂದಳು.

ಕೆಟ್ಟ ಅಂಗಿಗಳು ಒರೆಸುವ ಬಟ್ಟೆಯಾಗುತ್ತವೆ. ಎರಡು ಚುಂಚದ ಗಿಳಿಯನ್ನು ಮಾತ್ರ ಆಯಿ ಬಿಡಲಿಲ್ಲ. ಥಂಡಿಗೆ ಬೆಚ್ಚಗಿರುತ್ತದೆ ಅಂತ ಸೀರೆಯ ಮೇಲೆ ಹಾಕಿಕೊಂಡು ತರಕಾರಿ ತರಲು ಹೋಗಿದ್ದಳು. ನಾನು ಮುಖ ಮುಚ್ಚಿಕೊಂಡು ಹಿಂದಿನಿಂದ ಹೋದೆ.

ಈಗ ಬರೆಯಬೇಕಾದದ್ದು ಬರೆಯುತ್ತೇನೆ. ನಾಲ್ಕು ದಿನದಿಂದ ಮುಂದೂಡುತ್ತಿದ್ದೆ.

ನಮ್ಮೂರು ಮಣ್ಣೂರಿನಿಂದ ಮಲ್ಲಣ್ಣ ಬಂದಿದ್ದ. ನಿನ್ನ ಅಪ್ಪನ ಜೊತೆ ಕಬಡ್ಡಿ ಆಡುತ್ತಿದ್ದ ಮಲ್ಲಣ್ಣನೇ. ಬರುವ ಜನವರಿಯಲ್ಲಿ ಊರಿನ ಹುಡುಗರು ನಿನ್ನ ಅಪ್ಪನ ಹೆಸರಿನಲ್ಲಿ ಕಬಡ್ಡಿ ಪಂದ್ಯ ಇಡುತ್ತಿದ್ದಾರಂತೆ. ಎಲ್ಲರೂ ಬಿಳಿ ಟೀಶರ್ಟ್ ಹಾಕುತ್ತಾರಂತೆ, ಎದೆಯ ಮೇಲೆ ಅಪ್ಪನ ಮುಖ. "ವೈನೀ, ಇದು ನಿಮ್ಮ ಕೈಲೇನೇ ಆಗ್ಬೇಕ್ರಿ" ಅಂದ. ನಾನು ಆಗುವುದಿಲ್ಲ ಅನ್ನಬೇಕೆಂದು ಬಾಯಿ ತೆರೆದೆ, ಆಪಾ "ಆಗ್ತದ" ಅಂದುಬಿಟ್ಟರು.

ಗಿಳಿಗೆ ಎರಡು ಚುಂಚ ಬಂದರೆ ನಗಬಹುದು. ಮನುಷ್ಯನ ಮುಖ ಕೆಟ್ಟರೆ? ಅದೂ ಆ ಮುಖ?

ನೀನು ಏನನ್ನುತ್ತಿ ಬರೆ. ನೀನೂ ಬಂದು ಒಂದು ಅಂಗಿ ಹಾಕಿಕೊಳ್ಳಬೇಕು ಅಂತ ನನ್ನ ಆಸೆ. ಅವರು ಹೋಗಿ ಎರಡು ಮಳೆಗಾಲವಾಯಿತು. ಆಮೇಲೆ ನೀನು ಅಪ್ಪ ಅಂದದ್ದು ನಾನು ಕೇಳಿಲ್ಲ.

ನಿನ್ನ ಅವ್ವ,
ಮಹಾನಂದಾ

*

ಜೇವರ್ಗಿ
11 ಸೆಪ್ಟೆಂಬರ್ 2024

ಅವ್ವನಿಗೆ ಜೈಭೀಮ.

ಕಿರುಪರೀಕ್ಷೆಗಳು ನಡೆದಿವೆ. ಕೆಮಿಸ್ಟ್ರಿ ಬಿಟ್ಟು ಉಳಿದವು ಚೆನ್ನಾಗಿವೆ. ತಲೆಗೆ ಹಚ್ಚುವ ಎಣ್ಣೆ ಮುಗಿದಿದೆ, ಯಾರಾದರೂ ಈ ಕಡೆ ಬಂದರೆ ಕಳಿಸು. ಆಯಿಯ ಗಿಳಿ ಅಂಗಿ ನನಗೆ ಬೇಕು.

ಮೈತ್ರಿ

*

ಆಳಂದ
20 ಅಕ್ಟೋಬರ್ 2024

ಮಗಳು ಮೈತ್ರಿಗೆ ಜೈಭೀಮ.

ಎಣ್ಣೆಯ ಬಾಟಲಿ ತಲುಪಿತೇ? ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿದ್ದೆ. ಸೋರಿರಬೇಕು ಅಂತಲೇ ಅನ್ನಿಸುತ್ತಿದೆ.

ಅಂಗಿಯ ಬಗ್ಗೆ ನೀನು ಏನೂ ಬರೆಯಲಿಲ್ಲ. ಬೇಡ ಅಂತಲೂ ಬರೆಯಲಿಲ್ಲ. ನಾನು ನಿನ್ನ ಪತ್ರವನ್ನು ತಿರುವಿ ಹಿಂದೆ ಏನಾದರೂ ಇದೆಯೇ ಅಂತ ನೋಡಿದೆ. ಅಷ್ಟರಲ್ಲಿ ಮಲ್ಲಣ್ಣ ಫೋಟೋ ಕೇಳಿದ. ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋದ ಪಕ್ಕ ಇದ್ದದ್ದನ್ನೇ ಇಳಿಸಿಕೊಟ್ಟೆ. ಅದರದೇ ಫಿಲಂ ಬಂತು, ಅದರದೇ ಫ್ರೇಮು ಮಾಡಿದೆವು.

ನನ್ನ ಕೈ ಈಗ ಸುಧಾರಿಸಿದೆ. ಅಂಗಿ ಸರಿಯುವುದಿಲ್ಲ. ರಬ್ಬರಿನ ಹಲಗೆಯಿಂದ ಬಣ್ಣ ಎಳೆಯುವಾಗ ಎರಡೂ ಕೈಯ ಭಾರ ಒಂದೇ ಸಮ ಇರಬೇಕು, ಒಂದು ಕಡೆ ಹೆಚ್ಚಾದರೆ ಚುಕ್ಕಿ ಒಡೆದು ಹರಡುತ್ತದೆ. ಆ ಹದವೂ ಕೈಗೆ ಬಂತು. ಮೊದಲ ಮಾದರಿ ತೆಗೆದಾಗ ಮಲ್ಲಣ್ಣ ಇಲ್ಲೇ ಇದ್ದ. "ಏನ್ರೀ ವೈನಿ, ನಮ್ಮ ಜಗ್ಯಾ ಸಿನೆಮಾ ಹೀರೋ ಆಗ್ಯಾನ" ಅಂದ. ಕಣ್ಣೂ ಒರೆಸಿಕೊಂಡ.

ಆಯಿಗೆ ತೋರಿಸಿದೆ. ಅಂಗಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಛಂದ ಇದ್ದಾನ ಹುಡುಗ. ಯಾರ ಮಗ?" ಅಂದಳು. ಅವಳ ಕಣ್ಣಿಗೆ ಪೊರೆ ಬಂದಿರಬೇಕು, ಡಾಕ್ಟರಿಗೆ ತೋರಿಸಬೇಕು. ಅವತ್ತಿನಿಂದ ಅದೊಂದು ಚಿಂತೆ.

ಮಾದರಿಯ ತುಂಡು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ನೋಡಿ ಬರೆ.

ನಿನ್ನ ಅವ್ವ,
ಮಹಾನಂದಾ

*

ಜೇವರ್ಗಿ
5 ನವೆಂಬರ್ 2024

ಅವ್ವ,

ಆಯಿಯ ಕಣ್ಣು ಸರಿಯಾಗಿಯೇ ಇದೆ. ಡಾಕ್ಟರು ಬೇಡ.

ಇದು ಅಪ್ಪ ಅಲ್ಲ. ಗೋಡೆಯ ಮೇಲಿದ್ದದ್ದೂ ಅಪ್ಪ ಅಲ್ಲ. ಸ್ಟುಡಿಯೋದವನು ಎಲ್ಲರನ್ನೂ ಮಾಡುವ ಹಾಗೆ, ಯಾರನ್ನೂ ಕೇಳದೆ, ಅಪ್ಪನನ್ನೂ ಬೆಳ್ಳಗೆ ಮಾಡಿ, ಕೆನ್ನೆಗೆ ಕೆಂಪು ತುಂಬಿ, ಹುಬ್ಬಿನ ಹಳೆಯ ಗಾಯದ ಕಲೆ ಅಳಿಸಿಬಿಟ್ಟಿದ್ದಾನೆ. ನೀವೆಲ್ಲ ಅದಕ್ಕೇ ಹಾರ ಹಾಕಿದಿರಿ, ಕೈ ಮುಗಿದಿರಿ. ನಾನು ಮನೆಗೆ ಬಂದಾಗ ಆ ಗೋಡೆಯ ಕಡೆ ಬೆನ್ನು ಮಾಡಿ ಯಾಕೆ ಉಣ್ಣುತ್ತೇನೆ ಅಂತ ನೀನು ಒಮ್ಮೆಯೂ ಕೇಳಲಿಲ್ಲ. ಯಾರೋ ಒಬ್ಬನ ಮುಖ ಎದೆಯ ಮೇಲೆ ಹಾಕಿಕೊಂಡು ನಾನು ಊರಿಗೆ ಬರುವುದಿಲ್ಲ.

ಇದರೊಳಗೆ ಒಂದು ಫೋಟೋ ಇದೆ. ಅಫಜಲಪುರದಲ್ಲಿ ಆಡಿ ಗೆದ್ದ ದಿನ, ಬಿಸಿಲಿನಲ್ಲಿ, ಅಪ್ಪನ ಫೋನಿನಿಂದ ನಾನೇ ತೆಗೆದದ್ದು. ನನ್ನ ಕಂಪಾಸ್ ಡಬ್ಬಿಯಲ್ಲಿ ಇರುತ್ತಿತ್ತು. ಇದರಿಂದ ಆಗುವುದಾದರೆ ಮಾಡು. ಕೆಡಿಸಬೇಡ. ವಾಪಸ್ ಕಳಿಸು.

ಎಣ್ಣೆ ಸೋರಿರಲಿಲ್ಲ.

ಮೈತ್ರಿ

*

ಆಳಂದ
8 ಡಿಸೆಂಬರ್ 2024

ಮೈತ್ರಿ,

ನಿನ್ನ ಫೋಟೋವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ದಿನಾ ಎದ್ದ ಕೂಡಲೇ ಇದೆಯೋ ಇಲ್ಲವೋ ನೋಡುತ್ತೇನೆ. ಫಿಲಂ ಮಾಡಲು ಸೊಲ್ಲಾಪುರಕ್ಕೆ ಫೋಟೋ ಕೊಡಲಿಲ್ಲ. ಆಪಾ ಅದನ್ನು ಇಲ್ಲೇ ಮಷೀನಿನಲ್ಲಿ ಇಟ್ಟು ಕಂಪ್ಯೂಟರಿಗೆ ಏರಿಸಿ ಕಳಿಸಿದರು. ಅದು ಹೊರಗೆ ಬರುವವರೆಗೆ ಪಕ್ಕದಲ್ಲೇ ನಿಂತಿದ್ದೆ.

ಹೊಸ ಫ್ರೇಮು ಬಂದವು. ಹೊಡೆದೆ. ಮತ್ತೆ ಮುಖ ಬೆಳ್ಳಗೇ ಬಂತು. ಕುಂಬಳಕಾಯಿಯ ಬಣ್ಣ. ಫಿಲಂ ತಪ್ಪಿದೆ ಅಂದೆ. ಆಪಾ ಫಿಲಮನ್ನು ಕಿಟಕಿಗೆ ಹಿಡಿದು ನೋಡಿ, ತಪ್ಪಿಲ್ಲ ಅಂದರು. ಆಮೇಲೆ ನನ್ನ ಪಕ್ಕ ನಿಂತು ನಾನು ಹೊಡೆಯುವುದನ್ನು ನೋಡಿದರು.

"ಹಳದಿ ಖರೇ ಎಳೀತಿ. ರಾಣಿ ಖರೇ ಎಳೀತಿ. ನೀಲಿ ಬಂದ ಕೂಡ್ಲೇ ಕೈ ಯಾಕ ಹಗರ ಆಗ್ತದ?"

"ಮುಖಕ್ಕ ಅಷ್ಟ ನೀಲಿ ಬ್ಯಾಡ್ರಿ ಆಪಾ."

"ನಮ್ಮ ನಿಮ್ಮಂಥಾ ಕರೀ ಮುಖದಾಗ ನೀಲಿ ಇರ್ತದ ಬೇ. ಬರೀ ಹಳದಿ, ರಾಣಿ ಹಚ್ಚಿದ್ರ ಮನಷ್ಯಾ ಬರಂಗಿಲ್ಲ, ಹೀರೋ ಬರ್ತಾನ. ಅದೊಂದ ಸಲ ನೋಡಿದೆಲ್ಲ."

ಹಲಗೆ ಕೆಳಗಿಟ್ಟೆ. ಅವರಿಗೆ ಹೇಳದ್ದನ್ನು ನಿನಗೆ ಬರೆಯಬಾರದು, ನೀನು ಸಣ್ಣವಳು. ಆದರೂ ಬರೆಯುತ್ತೇನೆ. ಭೀಮಾ ಹೊಳೆ ಏರಿದಾಗ ನಿನ್ನ ಅಪ್ಪ ಗೌಡರ ಪಂಪಿನ ಮೋಟರು ಬಿಚ್ಚಲು ಇಳಿದರು. ಅವರನ್ನು ಹೊಳೆಯಿಂದ ತಂದು ಮಲಗಿಸಿದಾಗ ಮುಖ ಯಾವ ಬಣ್ಣ ಆಗಿತ್ತು ಅಂತ ನಾನು ನೋಡಿದ್ದೇನೆ. ತುಟಿ, ಕಣ್ಣಿನ ಕೆಳಗೆ. ಅದೇ ಬಣ್ಣ ಈ ಡಬ್ಬಿಯಲ್ಲಿದೆ. ಹಲಗೆ ಹಿಡಿದು ಅದನ್ನು ನನ್ನ ಕೈಯಿಂದಲೇ ಅವರ ಮುಖದ ಮೇಲೆ ಎಳೆಯಬೇಕು. ಆಗುತ್ತಿಲ್ಲ ಮೈತ್ರಿ. ಗಿಳಿಗೆ ಆಗುತ್ತದೆ.

ಆಪಾ ಅಂದರು, ಬೇಕಾದರೆ ನೀಲಿ ಒಂದನ್ನು ನಾನು ಹೊಡೆದುಕೊಡುತ್ತೇನೆ, ಉಳಿದದ್ದು ನೀನು ಹೊಡಿ. ಪಂದ್ಯ ಹತ್ತಿರ ಬಂತು, ಮಲ್ಲಣ್ಣ ದಿನಾ ಫೋನು ಮಾಡುತ್ತಾನೆ. ಹಾಗೆ ಮಾಡಲೇ? ನೀನು ಹೂಂ ಅಂದರೆ ಹಾಗೇ ಮಾಡುತ್ತೇನೆ.

ನಿನ್ನ ಅವ್ವ

*

ಜೇವರ್ಗಿ
17 ಡಿಸೆಂಬರ್ 2024

ಪ್ರೀತಿಯ ಅವ್ವ,

ನಿನ್ನ ಪತ್ರ ಹಾಸ್ಟೆಲಿನ ಮಾಳಿಗೆಯ ಮೇಲೆ ಕುಳಿತು ಓದಿದೆ. ಕೆಳಗೆ ಊಟದ ಗಂಟೆ ಬಾರಿಸಿದರು, ಹೋಗಲಿಲ್ಲ. ಆಮೇಲೆ ಹೋಗಿ ಉಂಡೆ. ಅದಕ್ಕೆ ಚಿಂತೆ ಮಾಡಬೇಡ.

ನೀನು ನೋಡಿದ್ದೀ. ಮಲ್ಲಣ್ಣ ಕಾಕಾ ನೋಡಿದ. ಊರೆಲ್ಲ ನೋಡಿತು. ನಾನು ನೋಡಲಿಲ್ಲ. ನಾನು ಹತ್ತಿರ ಬಂದ ಕೂಡಲೇ ನೀನು ನನ್ನ ಮುಖವನ್ನು ಸೆರಗಿನಲ್ಲಿ ಒತ್ತಿ ಹಿಡಿದುಕೊಂಡೆ. ಬಿಡು ಅಂದೆ, ಬಿಡಲಿಲ್ಲ. ನಿನ್ನ ಸೆರಗಿನ ಹಸಿ ವಾಸನೆ ಮಾತ್ರ ನನಗೆ ನೆನಪಿದೆ. ಬಿಟ್ಟಾಗ ಅಪ್ಪ ಇರಲಿಲ್ಲ. ಆಮೇಲೆ ಗೋಡೆಯ ಮೇಲೆ ಆ ಬೆಳ್ಳನೆಯವನು ಬಂದ. ನಿನ್ನ ಮೇಲೆ ನನಗೆ ಸಿಟ್ಟಿತ್ತು. ಯಾಕೆ ಅಂತ ಹೇಳಲು ಬರುತ್ತಿರಲಿಲ್ಲ, ಅದಕ್ಕೆ ಏನೂ ಹೇಳುತ್ತಿರಲಿಲ್ಲ. ನಿನ್ನ ಪತ್ರ ಓದಿದ ಮೇಲೆ ನೀನು ಏನು ಮುಚ್ಚಿದ್ದೆ ಅಂತ ಗೊತ್ತಾಯಿತು.

ನನ್ನ ಕಡೆ ಇರುವುದು ಬಿಸಿಲಿನ ಮುಖ ಒಂದೇ. ಅದೂ ಈಗ ನಿನ್ನ ಅಕ್ಕಿ ಡಬ್ಬಿಯ ಹಿಂದೆ ಇದೆ. ದಿನಾ ತೆಗೆದು ನೋಡುತ್ತೀಯಲ್ಲ, ಬರೀ ಇದೆಯೋ ಇಲ್ಲವೋ ಅಂತ ನೋಡಬೇಡ. ಎಡಗಡೆ ಕೆನ್ನೆಯ ಕೆಳಗೆ, ಕುತ್ತಿಗೆಯ ಹತ್ತಿರ, ನೆರಳು ಯಾವ ಬಣ್ಣ ಇದೆ ನೋಡು. ಕೂದಲಿನ ಹೊಳಪು ಯಾವ ಬಣ್ಣ ಇದೆ ನೋಡು. ಅವು ಹೊಳೆಗಿಂತ ಮುಂಚಿನವು.

ಆಪಾ ಹೊಡೆದರೂ ಆಗುತ್ತದೆ. ಹೂಂ ಅನ್ನು ಅಂದರೆ ಅನ್ನುತ್ತೇನೆ. ಆದರೆ ನೀನೇ ಕೇಳಿದ್ದಕ್ಕೆ ಬರೆಯುತ್ತೇನೆ, ನೀನು ಹೊಡೆದರೆ ನನಗೆ ಹೆಚ್ಚು ಸೇರುತ್ತದೆ. ಅವತ್ತು ನೀನು ಮುಚ್ಚಿದ್ದೆ. ಈಗ ನೀನೇ ತೋರಿಸು.

ನಿನ್ನ ಮಗಳು,
ಮೈತ್ರಿ

*

ಆಳಂದ
5 ಜನವರಿ 2025

ಮಗಳು ಮೈತ್ರಿಗೆ ಜೈಭೀಮ.

ನಿನ್ನ ಫೋಟೋ ಇದರ ಜೊತೆ ರಟ್ಟಿನ ನಡುವೆ ಇದೆ. ಮೊದಲು ಅದನ್ನು ತೆಗೆದು ನೋಡು, ಮಡಿಕೆ ಬಿದ್ದಿದೆಯೋ ಏನೋ. ಆಮೇಲೆ ಮುಂದೆ ಓದು.

ಹಳದಿ ಹೊಡೆದೆ. ಬಿಳಿ ಅಂಗಿಯ ಮೇಲೆ ಏನೂ ಕಾಣಲಿಲ್ಲ, ಅರಿಷಿಣದ ಕಲೆಯ ಹಾಗೆ ಇತ್ತು. ರಾಣಿ ಹೊಡೆದೆ. ಆಗ ಕುಂಬಳಕಾಯಿ ಬಂತು. ನೀಲಿಯ ಫ್ರೇಮು ಇಳಿಸಿ ನಿಂತೆ. ಆಪಾ ನನ್ನನ್ನು ನೋಡಿ, ಚಹಾ ಮಾಡುತ್ತೇನೆ ಅಂತ ಒಳಗೆ ಹೋದರು. ಅವರ ಅಂಗಡಿಯಲ್ಲಿ ಚಹಾ ಯಾವತ್ತೂ ಹೊರಗಿನಿಂದ ಬರುತ್ತದೆ.

ಫೋಟೋವನ್ನು ಎದುರಿಗೆ ಗೋಡೆಗೆ ಆನಿಸಿ ಇಟ್ಟಿದ್ದೆ. ನೀನು ಹೇಳಿದ ಕೆನ್ನೆಯ ಕೆಳಗೆ ನೋಡಿದೆ. ನೀಲಿ ಇದೆ. ಹದಿನಾರು ವರ್ಷ ದಿನಾ ನೋಡಿದ ಮುಖ, ನನಗೆ ಗೊತ್ತಿರಲಿಲ್ಲ. ಹಲಗೆ ಹಿಡಿದು ಎಳೆದೆ. ಎರಡೂ ಕೈಯ ಭಾರ ಹಾಕಿ ಎಳೆದೆ. ಫ್ರೇಮು ಎತ್ತುವಾಗ ಕಣ್ಣು ಮುಚ್ಚಿಕೊಂಡಿದ್ದೆ ಅಂತ ಬರೆದರೆ ನಗಬೇಡ.

ತೆರೆದಾಗ ಹೊಳೆಯ ಬಣ್ಣ ಎಲ್ಲಿಯೂ ಇರಲಿಲ್ಲ. ನೀಲಿಯೇ ಇರಲಿಲ್ಲ. ಹಳದಿಯೊಳಗೆ, ರಾಣಿಯೊಳಗೆ ಇಳಿದು ಹೋಗಿ ಕಂದಾಗಿತ್ತು. ಬಿಸಿಲಿಗೆ ಕರ್ರಗಾದ, ಬೆವತ ಕಂದು. ಕಪ್ಪು ಇನ್ನೂ ಹೊಡೆದಿರಲಿಲ್ಲ, ಕಣ್ಣು ಮಸುಕಿತ್ತು, ಆದರೂ ಅವರೇ. ಕಪ್ಪು ಹೊಡೆದ ಮೇಲೆ ಹುಬ್ಬಿನ ಗಾಯವೂ ಬಂತು. ಅಲ್ಲಿ ನೀಲಿ ಒಂದಿಷ್ಟು ಹೆಚ್ಚು ಬಿದ್ದಿದೆ. ಮೊದಲು ಅದನ್ನು ಕೆಟ್ಟ ಅಂಗಿಯ ಗುಂಪಿಗೆ ಹಾಕಬೇಕೆಂದಿದ್ದೆ.

ಅಷ್ಟರಲ್ಲಿ ಆಯಿ ಮಡಚುವುದು ಬಿಟ್ಟು ಎದ್ದು ಬಂದಳು. ಮೇಜಿನ ಮೇಲೆ ಹಾಸಿದ್ದ ಅಂಗಿಯನ್ನು ಬಗ್ಗಿ ನೋಡಿದಳು. ಯಾರ ಮಗ ಅಂತ ಕೇಳಲಿಲ್ಲ. "ಬಿಸಲಾಗ ಟೊಪಗಿ ಹಾಕ್ಕೊಂಡ ಹೋಗಂದ್ರ ಕೇಳ್ತಿದ್ದೇನೋ ನೀ" ಅಂದಳು. ಬಣ್ಣ ಹಸಿ ಇದೆ, ಮುಟ್ಟಬೇಡ ಅನ್ನುವುದರೊಳಗೆ ಮುಟ್ಟಿದಳು. ಅವಳ ಹೆಬ್ಬೆರಳಿನ ಗುರುತು ಅಂಗಿಯ ಅಂಚಿಗೆ ಇದೆ.

ಅದೇ ಅಂಗಿ ನಿನಗೆ ಕಳಿಸಿದ್ದೇನೆ. ಉಳಿದವುಗಳಲ್ಲಿ ಗುರುತು ಇಲ್ಲ, ಗಾಯವೂ ಸರಿ ಬಂದಿದೆ, ಅವು ಮಲ್ಲಣ್ಣನವು. ಬೇಡ ಅನ್ನಿಸಿದರೆ ಹೇಳು, ಬೇರೆ ಕಳಿಸುತ್ತೇನೆ. ನಿನ್ನ ಅಳತೆ ಈಗ ಎಷ್ಟೋ ಗೊತ್ತಿಲ್ಲ, ದೊಡ್ಡದೇ ಕಳಿಸಿದೆ. ಒಳಮಗ್ಗಲು ತಿರುವಿ ತಣ್ಣೀರಿನಲ್ಲಿ ಒಗಿ. ಮುಖದ ಮೇಲೆ ಇಸ್ತ್ರಿ ಇಡಬೇಡ. ಕಲ್ಲಿಗೆ ಬಡಿಯಬೇಡ.

ಪಂದ್ಯ ಹತ್ತೊಂಬತ್ತಕ್ಕೆ, ರವಿವಾರ. ಬರುತ್ತೀಯೋ ಇಲ್ಲವೋ ಕೇಳುವುದಿಲ್ಲ. ಗೋಡೆಯ ಮೇಲಿನ ಫೋಟೋವನ್ನು ಮತ್ತೆ ಏರಿಸಿಲ್ಲ. ಮೊಳೆ ಹಾಗೇ ಇದೆ.

ನಿನ್ನ ಅವ್ವ,
ಮಹಾನಂದಾ

*

ಜೇವರ್ಗಿ
12 ಜನವರಿ 2025

ಪ್ರೀತಿಯ ಅವ್ವನಿಗೆ ಜೈಭೀಮ.

ಫೋಟೋಗೆ ಮಡಿಕೆ ಬಿದ್ದಿಲ್ಲ.

ಅಂಗಿ ಮೊಣಕಾಲಿಗೆ ಬರುತ್ತದೆ. ಅದರೊಳಗೆ ನನ್ನ ಜೊತೆ ಇನ್ನೊಬ್ಬಳು ಹಿಡಿಸುತ್ತಾಳೆ. ಹಾಕಿಕೊಂಡು ಕೆಳಗೆ ನೀರಿಗೆ ಹೋದಾಗ, "ಸಾಕ ಬಿಡ ಬೇ" ಅಂದಿದ್ದಳಲ್ಲ, ಅದೇ ಹುಡುಗಿ ನಿಲ್ಲಿಸಿ ಕೇಳಿದಳು, "ಇವರ್ಯಾರ ಬೇ?"

"ನಮ್ಮಪ್ಪ" ಅಂದೆ.

ಅವಳು ಅಂಗಿ ನೋಡಿದಳು, ನನ್ನ ಮುಖ ನೋಡಿದಳು. "ಹೌದ್ ಬಿಡು" ಅಂದು ಕೊಡ ತುಂಬಿಕೊಂಡು ಹೋದಳು.

ಬೇರೆ ಅಂಗಿ ಬೇಡ. ಹತ್ತೊಂಬತ್ತಕ್ಕೆ ಮುಂಜಾನೆಯ ಬಸ್ಸಿಗೆ ಬರುತ್ತೇನೆ, ನೀನೂ ಆಯಿಯೂ ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿ, ಮಣ್ಣೂರಿಗೆ ಕೂಡಿ ಹೋಗೋಣ. ಜನ ಬಹಳ ಇರುತ್ತಾರೆ, ಹುಡುಗಿ ಕಳೆದಳು ಅಂತ ಗಾಬರಿಯಾಗಬೇಡ. ದೂರದಿಂದ ಅಪ್ಪನನ್ನು ನೋಡು, ಅಲ್ಲೇ ನಾನಿರುತ್ತೇನೆ.

ನಿನ್ನ ಮಗಳು,
ಮೈತ್ರಿ